ಎಂಜಿಬಿಯೋ, ಆಲ್ಫಾ ಸ್ಪೈಡರೋ: ಹಳೆಯ ಎರಡು ಸೀಟಿನ ಕಾರು ಕೊಳ್ಳಲು ಹೊರಟವರಿಗೆ

ಎಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಬೆಳೆದವರಿಗೆ ಕಾರಿನ ವಿಷಯದಲ್ಲಿ ಎರಡೇ ಪಂಗಡ ಗೊತ್ತು: ಅಂಬಾಸಡರ್ ಮನೆ, ಫಿಯಟ್ ಮನೆ. ಅಂಬಾಸಡರ್ ಮನೆಯವರು ಅಜ್ಜಿಯಿಂದ ಮೊಮ್ಮಗುವಿನವರೆಗೆ ಒಂಬತ್ತು ಜನರನ್ನು ತುರುಕಿಕೊಂಡು ಧರ್ಮಸ್ಥಳಕ್ಕೆ ಹೋಗಿ ಬರುತ್ತಿದ್ದರು. ಫಿಯಟ್ ಮನೆಯವರು ನಾಲ್ಕೇ ಜನ ಹೋಗುತ್ತಿದ್ದರು. ಆದರೆ ಘಟ್ಟದ ತಿರುವಿನಲ್ಲಿ ಅಂಬಾಸಡರನ್ನು ಹಿಂದೆ ಹಾಕಿದ ಕಥೆಯನ್ನು ಮುಂದಿನ ಜಾತ್ರೆಯವರೆಗೂ ಹೇಳುತ್ತಿದ್ದರು. ಒಂದು ಬ್ರಿಟಿಷ್ ಮೂಲದ್ದು, ಇನ್ನೊಂದು ಇಟಲಿ ಮೂಲದ್ದು ಎಂಬುದು ಆಗ ನಮಗೆ ಮುಖ್ಯವಾಗಿರಲಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿ ಕೆಲವು ವರ್ಷಗಳಾದ ಮೇಲೆ, ಟಾಪ್ ತೆಗೆಯಬಹುದಾದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಳ್ಳುವ ಹುಚ್ಚು ಹತ್ತಿದಾಗ ಅದೇ ಜಗಳ ಮತ್ತೆ ಎದುರಾಯಿತು. ಒಂದು ಕಡೆ ಬ್ರಿಟಿಷರ ಎಂಜಿಬಿ, ಇನ್ನೊಂದು ಕಡೆ ಇಟಲಿಯ ಆಲ್ಫಾ ರೋಮಿಯೊ ಸ್ಪೈಡರ್. ನಾನು ಎಂಜಿಬಿ ಕೊಂಡೆ. ನನ್ನ ಹುಬ್ಬಳ್ಳಿಯ ಗೆಳೆಯ ಆಲ್ಫಾ ಕೊಂಡ. ಎರಡನ್ನೂ ಅದಲುಬದಲು ಮಾಡಿ ಓಡಿಸಿ, ಎರಡರ ಅಡಿಯಲ್ಲೂ ಮಲಗಿ ಎದ್ದಿದ್ದೇವೆ. ಕೊಳ್ಳಬೇಕೆಂದು ಕೇಳುವವರಿಗೆಲ್ಲ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ತೀರ್ಪನ್ನು ಕೊನೆಯವರೆಗೆ ಬಚ್ಚಿಡುವುದಿಲ್ಲ. ಓಡಿಸುವುದಕ್ಕೆ ಆಲ್ಫಾ ಮೇಲು. ಇಟ್ಟುಕೊಂಡು ಬಾಳುವುದಕ್ಕೆ ಎಂಜಿಬಿ ಮೇಲು. ಇದು ನಿಮ್ಮ ಮೊದಲ ಹಳೆಯ ಕಾರಾದರೆ ಎಂಜಿಬಿಯನ್ನೇ ಕೊಳ್ಳಿ, ಎರಡನೆಯದಾದರೆ ಮುಂದೆ ಓದಿ.

ಮೊದಲು ಒಂದು ಗೊಂದಲ ನಿವಾರಿಸಿಬಿಡುತ್ತೇನೆ. ಇವತ್ತು ಬೆಂಗಳೂರಿನ ರಸ್ತೆಗಳಲ್ಲಿ ಕಾಣುವ ಹೆಕ್ಟರ್ ಕಾರಿನ ಮೇಲಿರುವ ಎಂಟು ಮೂಲೆಯ ಎಂಜಿ ಬಿಲ್ಲೆ ಮತ್ತು ಈ ಕಾರಿನ ಬಿಲ್ಲೆ ಒಂದೇ, ಮನೆತನ ಬೇರೆ. ಎಂಜಿ ಅಂದರೆ ಮಾರಿಸ್ ಗ್ಯಾರೇಜಸ್, ಆಕ್ಸ್‌ಫರ್ಡಿನ ಅಂಗಡಿ. ಎಂಜಿಬಿ ತಯಾರಾದದ್ದು ಅಲ್ಲೇ ಪಕ್ಕದ ಅಬಿಂಗ್ಡನ್ ಎಂಬ ಸಣ್ಣ ಊರಿನಲ್ಲಿ, 1962ರಿಂದ 1980ರವರೆಗೆ. ಆ ಕಾರ್ಖಾನೆ 1980ರ ಅಕ್ಟೋಬರಿನಲ್ಲಿ ಮುಚ್ಚಿತು. ಹೆಸರು ಕೈಯಿಂದ ಕೈಗೆ ದಾಟಿ ಈಗ ಚೀನಾದ ಕಂಪನಿಯ ಬಳಿ ಇದೆ.

ನಮ್ಮವರಿಗೆ ಎಂಜಿಬಿಯೊಂದಿಗೆ ನಿಜವಾದ ನೆಂಟಸ್ತಿಕೆ ಇರುವುದು ಬಿಲ್ಲೆಯಲ್ಲಿ ಅಲ್ಲ, ಬಾನೆಟ್ಟಿನ ಅಡಿಯಲ್ಲಿ. ಎಂಜಿ ಸೇರಿದ್ದ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಬಿ-ಸೀರೀಸ್ ಎಂದು ಕರೆದ ಇಂಜಿನ್ ಹುಟ್ಟಿದ್ದು 1947ರಲ್ಲಿ, ಒಂದು ಆಸ್ಟಿನ್ ಕಾರಿಗಾಗಿ. ಅದರ 1489 ಸಿಸಿ ರೂಪವೇ ನಮ್ಮ ಪೆಟ್ರೋಲ್ ಅಂಬಾಸಡರಿನಲ್ಲಿ ದಶಕಗಟ್ಟಲೆ ಓಡಿದ್ದು. ಎಂಜಿಬಿಯಲ್ಲಿರುವುದು ಅದೇ ಇಂಜಿನ್, 1798 ಸಿಸಿಗೆ ಹಿಗ್ಗಿಸಿ ಎರಡು ಎಸ್‌ಯು ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಉಪಕರಣ) ಕೂರಿಸಿದ್ದು. ನನ್ನ ಕಾರನ್ನು ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ಕಿವಿಗೆ ಬಿದ್ದದ್ದು ರೇಸ್ ಕಾರಿನ ಗರ್ಜನೆಯಲ್ಲ, ಹಾಸನದ ಬಸ್ ನಿಲ್ದಾಣದ ಎದುರಿನ ಟ್ಯಾಕ್ಸಿ ಸ್ಟ್ಯಾಂಡ್. ಅದು ಕೆಲವರಿಗೆ ನಿರಾಸೆ ತರಬಹುದು. ನನಗೆ ಊರು ನೆನಪಾಯಿತು.

ತಪ್ಪಲೆ ಒಂದೇ, ಮುಚ್ಚಳ ಬೇರೆ

ಒಂದು ಲೆಕ್ಕ ಹೇಳುತ್ತೇನೆ, ಎರಡು ದೇಶಗಳ ಬುದ್ಧಿ ಇಲ್ಲಿ ತಿಳಿಯುತ್ತದೆ. ಎಂಜಿಬಿಯ ಸಿಲಿಂಡರಿನ ಅಗಲ 80.26 ಮಿಲಿಮೀಟರ್, ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 88.9. ಆಲ್ಫಾದ 1750 ಎಂಬ ಹೆಸರಿನ ಇಂಜಿನ್ನಿನಲ್ಲಿ ಅಗಲ 80, ಓಡಾಟ 88.5. ಹೆಚ್ಚು ಕಡಿಮೆ ಒಂದೇ ಅಳತೆ. ಎರಡಕ್ಕೂ ನಾಲ್ಕೇ ಸಿಲಿಂಡರ್. ಆದರೂ ಎಂಜಿಬಿ ಕೊಡುವುದು 95 ಅಶ್ವಶಕ್ತಿ, ಆಲ್ಫಾ ಕೊಡುವುದು ಸುಮಾರು 118.

ವ್ಯತ್ಯಾಸವೆಲ್ಲ ಇರುವುದು ಹೆಡ್ಡಿನಲ್ಲಿ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಮುಚ್ಚಳದಲ್ಲಿ. ಎಂಜಿಬಿಯ ಹೆಡ್ ಎರಕದ ಕಬ್ಬಿಣ. ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಒಂದೇ, ಅದೂ ಕೆಳಗೆ ಬ್ಲಾಕಿನಲ್ಲಿ. ಅಲ್ಲಿಂದ ಉದ್ದನೆಯ ಕಡ್ಡಿಗಳು ಮೇಲೆ ಬಂದು ರಾಕರುಗಳ ಮೂಲಕ ವಾಲ್ವನ್ನು ಒತ್ತುತ್ತವೆ. ನಾಲ್ಕು ಸಿಲಿಂಡರಿಗೆ ಪೆಟ್ರೋಲ್ ಮತ್ತು ಗಾಳಿ ಹೋಗುವುದಕ್ಕೆ ಎರಡೇ ದಾರಿ. ಪಕ್ಕ ಪಕ್ಕದ ಎರಡು ಸಿಲಿಂಡರುಗಳು ಒಂದೇ ನಲ್ಲಿಗೆ ಕೊಡ ಹಿಡಿದು ನಿಂತ ಹಾಗೆ. ಆಲ್ಫಾದಲ್ಲಿ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ. ಹೆಡ್ಡಿನ ಮೇಲೆಯೇ ಎರಡು ಕ್ಯಾಮ್‌ಶಾಫ್ಟ್. ಪ್ರತಿ ಸಿಲಿಂಡರಿಗೂ ತನ್ನದೇ ದಾರಿ, ಆ ದಾರಿಯ ಬಾಯಿಗೆ ವೆಬರ್ ಕಾರ್ಬುರೇಟರಿನ ತನ್ನದೇ ಗಂಟಲು. ಹೊಗೆ ಹೋಗುವ ವಾಲ್ವಿನ ಒಳಗೆ ಶಾಖ ಸಾಗಿಸಲು ಸೋಡಿಯಂ ತುಂಬಿದ್ದಾರೆ. ಇಂಥ ಶ್ರೀಮಂತಿಕೆಯನ್ನು ಸಾಮಾನ್ಯ ಮಧ್ಯಮ ವರ್ಗದ ಸೆಡಾನಿಗೂ ಆಲ್ಫಾ ಹಾಕುತ್ತಿತ್ತು. ಈ ವಂಶದ ಇಂಜಿನ್ ಮೊದಲು ಬಂದದ್ದು 1954ರಲ್ಲಿ, ಕೇವಲ 1290 ಸಿಸಿಯಲ್ಲಿ.

ಯಾಕೆ ಹೀಗೆ? ಇಟಲಿಯವರು ಕಲಾವಿದರು, ಬ್ರಿಟಿಷರು ಜಿಪುಣರು ಎಂಬುದು ಪಬ್ಬಿನಲ್ಲಿ ಹೇಳುವ ಉತ್ತರ. ನಿಜವಾದ ಕಾರಣ ತೆರಿಗೆ ಇಲಾಖೆಯಲ್ಲಿದೆ. ಇಟಲಿಯಲ್ಲಿ ಇಂಜಿನ್ ದೊಡ್ಡದಾದಷ್ಟೂ ತೆರಿಗೆ ಜಾಸ್ತಿ. ಹಾಗಾಗಿ ಸಣ್ಣ ಇಂಜಿನ್ನಿನಿಂದಲೇ ಹಿಂಡಿ ಹಿಂಡಿ ಶಕ್ತಿ ತೆಗೆಯಬೇಕಿತ್ತು. ಜತೆಗೆ ಅಲ್ಲಿನ ಹೆದ್ದಾರಿಗಳಲ್ಲಿ ಗಂಟೆಗಟ್ಟಲೆ ಪೂರ್ತಿ ವೇಗದಲ್ಲಿ ಓಡುವುದು ವಾಡಿಕೆ. ಬ್ರಿಟನ್ನಿನಲ್ಲಿ 1940ರ ದಶಕದ ಕೊನೆಯವರೆಗೂ ತೆರಿಗೆ ಸಿಲಿಂಡರಿನ ಅಗಲವನ್ನು ನೋಡಿ ಹಾಕುತ್ತಿದ್ದರು. ಆದ್ದರಿಂದ ಅಗಲ ಕಡಿಮೆ, ಓಡಾಟ ಉದ್ದ, ಕೆಳಗಿನ ವೇಗದಲ್ಲೇ ಎಳೆಯುವ ಇಂಜಿನ್ನುಗಳು ಅಲ್ಲಿ ಬೆಳೆದವು. ಆ ತೆರಿಗೆ ಹೋದರೂ ಅಭ್ಯಾಸ ಹೋಗಲಿಲ್ಲ. ಅದರ ಮೇಲೆ ಎಂಜಿ ಎಂಬುದು ದೊಡ್ಡ ಕಂಪನಿಯೊಳಗಿನ ಬಡ ಸೊಸೆ. ಸೆಡಾನುಗಳ ಉಗ್ರಾಣದಲ್ಲಿ ಇದ್ದದ್ದನ್ನೇ ತೆಗೆದುಕೊಂಡು ಅಡುಗೆ ಮಾಡಬೇಕಿತ್ತು. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲಕ್ಕೂ ಮನೆ ಕಾರುಗಳ ಸಂಬಂಧ ಇದೆ.

ಆ ಬಡತನವೇ ಅರವತ್ತು ವರ್ಷಗಳ ನಂತರ ನಿಮ್ಮ ಪಾಲಿಗೆ ಪುಣ್ಯವಾಗಿದೆ ಎಂಬುದು ನನ್ನ ವಾದ. ಅದಕ್ಕೆ ಆಮೇಲೆ ಬರುತ್ತೇನೆ.

ಓಡಿಸಿದರೆ

ಆಲ್ಫಾದಲ್ಲಿ ಕುಳಿತರೆ ಮೊದಲು ನಗು ಬರುತ್ತದೆ. ಸ್ಟಿಯರಿಂಗ್ ದೂರ, ಪೆಡಲು ಹತ್ತಿರ. ಕೈ ಉದ್ದ, ಕಾಲು ಗಿಡ್ಡ ಇರುವವರನ್ನು ಅಳೆದು ಮಾಡಿದಂತಿದೆ. ಗೇರ್ ಕಡ್ಡಿ ನೆಲದಿಂದ ನೆಟ್ಟಗೆ ಏಳದೆ ಡ್ಯಾಷ್‌ಬೋರ್ಡಿನ ಕೆಳಗಿನಿಂದ ಓರೆಯಾಗಿ ಚಾಚಿಕೊಂಡಿದೆ. ಇದೇನು ಅವಲಕ್ಷಣ ಎಂದುಕೊಳ್ಳುತ್ತಲೇ ಮೊದಲ ಗೇರ್ ಹಾಕುತ್ತೀರಿ. ನಾಲ್ಕು ಸಾವಿರ ಸುತ್ತು ದಾಟಿದ ಮೇಲೆ ಇಂಜಿನ್ನಿನ ದನಿ ಬದಲಾಗುತ್ತದೆ. ನಮ್ಮ ನಾಗಸ್ವರದವರು ಮೊದಲು ಶ್ರುತಿ ಹಿಡಿದು, ಆಮೇಲೆ ಒಮ್ಮೆಲೇ ಮೇಲಿನ ಷಡ್ಜಕ್ಕೆ ಏರುತ್ತಾರಲ್ಲ, ಹಾಗೆ. ಅಲ್ಲಿಂದ ಮುಂದೆ ಕೂರುವ ಭಂಗಿಯ ತಕರಾರು ಯಾರಿಗೂ ನೆನಪಿರುವುದಿಲ್ಲ.

ಐದು ಗೇರ್. 1966ರ ಸ್ಪೈಡರಿನಲ್ಲೇ ಐದು ಗೇರ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಎಂಜಿಬಿಗೆ ಕೊನೆಯವರೆಗೂ ನಾಲ್ಕೇ ಗೇರ್, ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್. 1967ರವರೆಗಿನ ಕಾರುಗಳಲ್ಲಿ ಮೊದಲ ಗೇರಿಗೆ ಸಿಂಕ್ರೊ (ಗೇರು ಸದ್ದಿಲ್ಲದೆ ಕೂಡಿಕೊಳ್ಳುವ ಏರ್ಪಾಡು) ಕೂಡ ಇರಲಿಲ್ಲ. ಚಲಿಸುವಾಗ ಮೊದಲ ಗೇರಿಗೆ ಇಳಿಸಲು ಹೋದರೆ ಕರ್ರೆನ್ನುತ್ತದೆ. ಆದರೆ ಎಂಜಿಬಿಗೆ ಓವರ್‌ಡ್ರೈವ್ ಎಂಬ ಉಪಕರಣವೊಂದಿದೆ. ಒಂದು ಸ್ವಿಚ್ಚು ಒತ್ತಿದರೆ ಟಾಪ್ ಗೇರಿನ ಮೇಲೆ ಇನ್ನೊಂದು ಗೇರ್ ಬಂದಂತೆ, ಇಂಜಿನ್ ನಿಟ್ಟುಸಿರು ಬಿಟ್ಟು ತಣ್ಣಗಾಗುತ್ತದೆ. ಹೆದ್ದಾರಿಯಲ್ಲಿ ಹೋಗುವ ಇರಾದೆ ಇದ್ದರೆ ಓವರ್‌ಡ್ರೈವ್ ಇಲ್ಲದ ಎಂಜಿಬಿಯನ್ನು ಕಣ್ಣೆತ್ತಿಯೂ ನೋಡಬೇಡಿ.

ಹಿಂದಿನ ಆಕ್ಸಲ್ ಎರಡರಲ್ಲೂ ಇಡೀ ಒಂದೇ ದಂಡ. ಎಂಜಿಬಿ ಅದನ್ನು ಲಾರಿಯ ಹಾಗೆ ಲೀಫ್ ಸ್ಪ್ರಿಂಗಿನ ಪಟ್ಟಿಗಳ ಮೇಲೆ ಕೂರಿಸಿದೆ. ಆಲ್ಫಾ ಕಾಯಿಲ್ ಸ್ಪ್ರಿಂಗ್ ಕೊಟ್ಟು, ಅತ್ತಿತ್ತ ಸರಿಯದಂತೆ ತೋಳುಗಳಿಂದ ಹಿಡಿದಿದೆ. ಕೆಟ್ಟ ರಸ್ತೆಯ ತಿರುವಿನಲ್ಲಿ ಎಂಜಿಬಿಯ ಹಿಂಭಾಗ ಒಮ್ಮೆ ಕುಪ್ಪಳಿಸಿ ಪಕ್ಕಕ್ಕೆ ಹೆಜ್ಜೆ ಇಡುತ್ತದೆ, ಆಲ್ಫಾ ಇಡುವುದಿಲ್ಲ. ಸ್ಟಿಯರಿಂಗಿನಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಎಂಜಿಬಿಯದು ರ‍್ಯಾಕ್ ಅಂಡ್ ಪಿನಿಯನ್, ರಸ್ತೆಯಲ್ಲಿ ಬಿದ್ದ ಕಡ್ಡಿಯೂ ಅಂಗೈಗೆ ಗೊತ್ತಾಗುತ್ತದೆ. ಆಲ್ಫಾದ ಹಳೆಯ ಮಾದರಿಯ ಸ್ಟಿಯರಿಂಗ್ ಬಾಕ್ಸಿನಲ್ಲಿ ಸವೆತ ಇದ್ದರೆ ನಡುವೆ ಒಂದಿಷ್ಟು ಸಡಿಲ ಇರುತ್ತದೆ. ಇದನ್ನು ಹೇಳಿದಾಗಲೆಲ್ಲ ಗೆಳೆಯ ಮಾತು ಬದಲಿಸಿ ಟಾಪಿನ ವಿಷಯ ಎತ್ತುತ್ತಾನೆ. ಅಲ್ಲಿ ನಾನು ಸೋಲಲೇಬೇಕು. ಬಿಸಿಲಿನ ದೇಶದ ಆಲ್ಫಾದ ಬಟ್ಟೆಯ ಟಾಪನ್ನು ಸೀಟಿನಿಂದ ಏಳದೆ ಒಂದೇ ಕೈಯಲ್ಲಿ ಎಳೆದು ಮುಚ್ಚಬಹುದು. ಮಳೆಯ ದೇಶದ ಎಂಜಿಬಿಯ ಆರಂಭದ ಟಾಪನ್ನು ಜೋಡಿಸುವುದೆಂದರೆ ಜಾತ್ರೆಯಲ್ಲಿ ಅಂಗಡಿಯ ಡೇರೆ ಕಟ್ಟಿದ ಹಾಗೆ. ಕಡ್ಡಿಗಳನ್ನು ಡಿಕ್ಕಿಯಿಂದ ತೆಗೆದು ಸಿಕ್ಕಿಸಿ ಬಟ್ಟೆ ಎಳೆಯುವಷ್ಟರಲ್ಲಿ ಮಳೆ ನಿಂತಿರುತ್ತದೆ, ನೀವು ನೆನೆದಿರುತ್ತೀರಿ.

ವೇಗದ ಅಂಕಿಗಳನ್ನು ಕೇಳುವವರಿಗೆ: ಎಂಜಿಬಿ ಗಂಟೆಗೆ ಸುಮಾರು 165 ಕಿ.ಮೀ., 1600 ಸಿಸಿಯ ಮೊದಲ ಸ್ಪೈಡರ್ 185. ಎರಡನ್ನೂ ಇಂದಿನ ಸಾಧಾರಣ ಡೀಸೆಲ್ ಕಾರು ಹಿಂದೆ ಹಾಕುತ್ತದೆ. ಆ ವಿಷಯ ಅಲ್ಲಿಗೆ ಬಿಡಿ.

ತುಕ್ಕು, ತುಕ್ಕು, ಮತ್ತೆ ತುಕ್ಕು

ಇಷ್ಟು ಹೊತ್ತು ಇಂಜಿನ್, ಗೇರ್ ಎಂದು ಮಾತನಾಡಿದ್ದು ಊಟಕ್ಕೆ ಮೊದಲಿನ ಕೋಸಂಬರಿ. ಹಣ ಹೋಗುವುದು ಇಲ್ಲಿ. ಎರಡೂ ಕಾರುಗಳಿಗೆ ಬೇರೆ ಚಾಸಿ ಇಲ್ಲ. ತಗಡನ್ನೇ ಮಡಿಸಿ ಬೆಸುಗೆ ಹಾಕಿದ ದೇಹವೇ ಇಡೀ ಭಾರ ಹೊರುತ್ತದೆ. ಮೇಲೆ ಮಾಡಿಲ್ಲದ ಕಾರಿನಲ್ಲಿ ಆ ಭಾರದ ಬಹುಪಾಲು ಬಾಗಿಲ ಕೆಳಗಿನ ಸಿಲ್ ಎಂಬ ಡಬ್ಬಿಯಾಕಾರದ ತೊಲೆಗಳ ಮೇಲೆ ಬೀಳುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶದಲ್ಲಿ ಆ ತೊಲೆಗಳು ಒಳಗಿನಿಂದಲೇ ಕರಗುತ್ತವೆ. ಹೊರಗೆ ಹೊಳಪು ಬಣ್ಣ, ಒಳಗೆ ಗೆದ್ದಲು ತಿಂದ ಬಾಗಿಲು ಚೌಕಟ್ಟು.

ನಾನು ಮೋಸಹೋದದ್ದೂ ಹೀಗೆಯೇ. ಮಾರಿದವರು ಸಭ್ಯರು, ಕಾರು ಕೆಂಪಾಗಿ ಮಿನುಗುತ್ತಿತ್ತು, ಇಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು. ಅರ್ಧ ಗಂಟೆ ಇಂಜಿನ್ನಿನ ದನಿ ಕೇಳಿಸಿಕೊಂಡೆ, ಐದು ನಿಮಿಷವೂ ನೆಲದ ಮೇಲೆ ಮಲಗಲಿಲ್ಲ. ಮೊದಲ ಚಳಿಗಾಲದಲ್ಲಿ ಜಾಕ್ ಹಾಕಿದಾಗ ಕಾರು ಮೇಲೇಳುವ ಬದಲು ಜಾಕ್ ಒಳಗೆ ಹೋಯಿತು. ಹಳೆಯ ಸಿಲ್ಲನ್ನು ಕತ್ತರಿಸದೆ ಅದರ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಸವರಿ, ಬಣ್ಣ ಬಳಿದಿದ್ದರು. ಟಿಂಕರಿಂಗಿಗೆ ಆದ ಖರ್ಚು ಕಾರು ಕೊಂಡ ಬೆಲೆಗೆ ಸಮೀಪವಾಯಿತು.

ಅಂದಿನಿಂದ ನಾನು ಅನುಸರಿಸುವ ಪರೀಕ್ಷೆ ಹೀಗಿದೆ. ಎಂಜಿಬಿಯ ಬಾಗಿಲು ಮುಚ್ಚಿ, ಬಾಗಿಲಿನ ಹಿಂದಿನ ಅಂಚಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ಇದೆಯೇ ನೋಡಿ. ಆಮೇಲೆ ಮಾಲೀಕರ ಅನುಮತಿ ಪಡೆದು ಕಾರಿನ ಒಂದು ಬದಿಯನ್ನು ಜಾಕಿನಿಂದ ಎತ್ತಿ, ಬಾಗಿಲು ತೆರೆದು ಮುಚ್ಚಿ. ಬಾಗಿಲು ತಡೆದರೆ, ಸಂದು ಕಿರಿದಾದರೆ, ಕಾರು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಕೈ ಮುಗಿದು ಹೊರಡಿ. ಸೀಟಿನ ಹಿಂದೆ ಬ್ಯಾಟರಿ ಕೂರುವ ಗೂಡು, ನೆಲದ ಮೂಲೆಗಳು, ಹಿಂದಿನ ಸ್ಪ್ರಿಂಗ್ ಕಚ್ಚಿಕೊಳ್ಳುವ ಜಾಗ ನೋಡಿ. ಒಂದು ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಎಲ್ಲಿ ಅಂಟುವುದಿಲ್ಲವೋ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ.

ಆಲ್ಫಾಗೆ ಇದೇ ಪರೀಕ್ಷೆ, ಇನ್ನೂ ಹೆಚ್ಚು ಅನುಮಾನದಿಂದ. ಸಿಲ್ಲುಗಳ ಜತೆಗೆ ಜಾಕ್ ಹಾಕುವ ಜಾಗ, ಕಾಲಿಡುವ ನೆಲ, ಡಿಕ್ಕಿಯೊಳಗೆ ಸ್ಟೆಪ್ನಿ ಕೂರುವ ಗುಂಡಿ, ರೇಡಿಯೇಟರ್ ಅಡಿಯ ಅಡ್ಡಪಟ್ಟಿ. ಟಾಪ್ ಮಡಿಸಿಡುವ ಜಾಗದಿಂದ ನೀರು ಹರಿದುಹೋಗುವ ಕೊಳವೆಗಳು ಕಸ ಕಟ್ಟಿಕೊಂಡರೆ ನೀರೆಲ್ಲ ಒಳಗೇ ಉಳಿಯುತ್ತದೆ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮಳೆಗಾಲದ ಅಟ್ಟದ ವಾಸನೆ ಬಂದರೆ ಬೇಡ.

ಈಗ ಎರಡರ ನಡುವಿನ ದೊಡ್ಡ ವ್ಯತ್ಯಾಸ. ಎಂಜಿಬಿಯ ದೇಹ ಪೂರ್ತಿ ಕೊಳೆತುಹೋದರೂ ಕಥೆ ಮುಗಿಯುವುದಿಲ್ಲ. ಹಳೆಯ ಕಾರ್ಖಾನೆಯ ಅಚ್ಚುಗಳನ್ನೇ ಹುಡುಕಿ ತೆಗೆದು, ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಿಂದ ಎಂಜಿಬಿಯ ಇಡೀ ಹೊಸ ದೇಹವನ್ನೇ ಮಾಡಿ ಮಾರಲು ತೊಡಗಿತು. ನಿಮ್ಮ ಕಾರಿನ ಇಂಜಿನ್ನು, ಸೀಟು, ತಂತಿಗಳನ್ನೆಲ್ಲ ಹೊಸ ಮೈಗೆ ದಾಟಿಸಬಹುದು. ಪರಕಾಯ ಪ್ರವೇಶ ಎಂದು ನಾವು ಕೇಳಿದ್ದೆವಲ್ಲ, ಅದೇ. ಹೊರಗಿನ ಒಂದು ರೆಕ್ಕೆಯಿಂದ ಹಿಡಿದು ಕಿಟಕಿಯ ರಬ್ಬರಿನವರೆಗೆ ಬಿಡಿಭಾಗ ಫೋನ್ ಮಾಡಿದರೆ ಮನೆಗೆ ಬರುತ್ತದೆ. ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ತಯಾರಾಗಿದ್ದವು, ಹಾಗಾಗಿ ಗಿರಾಕಿಗಳು ಇಂದಿಗೂ ಇದ್ದಾರೆ. ಸ್ಪೈಡರ್ ಇಪ್ಪತ್ತೆಂಟು ವರ್ಷ ತಯಾರಾದರೂ ಒಟ್ಟು ಸಂಖ್ಯೆ 1,24,000ದ ಆಸುಪಾಸು. ಅದರ ಬಿಡಿಭಾಗಗಳೂ ಸಿಗುತ್ತವೆ, ರಿಪೇರಿ ತಗಡುಗಳೂ ಸಿಗುತ್ತವೆ, ಆದರೆ ಕೊಳೆತ ಆಲ್ಫಾವನ್ನು ಸರಿಪಡಿಸುವುದು ಇನ್ನೂ ಕುಶಲಕರ್ಮಿಯ ಕೈಕೆಲಸ, ಅವರು ಹೇಳಿದ್ದೇ ಬೆಲೆ. ಉಗ್ರಾಣದ ಪಾತ್ರೆಗಳಲ್ಲಿ ಅಡುಗೆ ಮಾಡಿದ ಬಡತನ ಪುಣ್ಯವಾಯಿತು ಎಂದದ್ದು ಇದಕ್ಕೇ.

ಪಾನಾ ಹಿಡಿಯುವವರು ಯಾರು?

ಎಂಜಿಬಿಯ ಟ್ಯಾಪೆಟ್ ಹೊಂದಿಸಲು, ಅಂದರೆ ವಾಲ್ವಿನ ಸಂದು ಸರಿಮಾಡಲು, ಒಂದು ಪಾನಾ, ಒಂದು ಸ್ಕ್ರೂ ಡ್ರೈವರ್, ಸಂದು ಅಳೆಯುವ ಒಂದು ಫೀಲರ್ ಗೇಜ್ ಸಾಕು. ತಣ್ಣಗಿರುವ ಇಂಜಿನ್ನಿನಲ್ಲಿ ಅಂಗುಲದ ಸಾವಿರದಲ್ಲಿ ಹದಿನೈದು ಭಾಗ ಸಂದು ಬಿಟ್ಟು ಬಿಗಿ ಮಾಡಿದರೆ ಮುಗಿಯಿತು. ಅಂಬಾಸಡರ್ ಮೆಕ್ಯಾನಿಕ್ಕುಗಳು ಬೀಡಿ ಸೇದುತ್ತ ಮಾಡುತ್ತಿದ್ದ ಕೆಲಸ. ಆಲ್ಫಾದಲ್ಲಿ ಅದೇ ಕೆಲಸಕ್ಕೆ ಎಂಟು ಸಂದುಗಳನ್ನು ಅಳೆದು ಬರೆದುಕೊಂಡು, ಕ್ಯಾಮ್‌ಶಾಫ್ಟ್ ಬಿಚ್ಚಿ, ವಾಲ್ವಿನ ತಲೆಯ ಮೇಲೆ ಕೂರುವ ಪುಟ್ಟ ಬಿಲ್ಲೆಗಳನ್ನು ಬೇಕಾದ ದಪ್ಪದವುಗಳಿಗೆ ಬದಲಿಸಬೇಕು. ನ್ಯಾಯವಾಗಿ ಹೇಳಬೇಕೆಂದರೆ ಒಮ್ಮೆ ಸರಿಯಾಗಿ ಮಾಡಿದರೆ ಬಹುಕಾಲ ಮತ್ತೆ ಮುಟ್ಟಬೇಕಾಗಿಲ್ಲ. ಆದರೆ ಮಾಡುವವರು ಬೇಕಲ್ಲ.

ಆಲ್ಫಾ ಕೊಳ್ಳುವಾಗ ಇಂಜಿನ್ನಿನಲ್ಲಿ ನೋಡಬೇಕಾದ್ದು ಹೆಡ್ ಗ್ಯಾಸ್ಕೆಟ್, ಬ್ಲಾಕಿಗೂ ಹೆಡ್ಡಿಗೂ ನಡುವೆ ಕೂರುವ ತೆಳು ಪದರ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ, ರೇಡಿಯೇಟರಿನಲ್ಲಿ ಎಣ್ಣೆ ತೇಲಿದರೆ, ಬೆಲೆಯಲ್ಲಿ ದೊಡ್ಡ ಮೊತ್ತ ಇಳಿಸಿ, ಇಲ್ಲವೇ ಬಿಡಿ. ಇನ್ನೊಂದು, ಎರಡನೆಯ ಗೇರಿನ ಸಿಂಕ್ರೊ. ಈ ಗೇರ್‌ಬಾಕ್ಸಿನ ಹಳೆಯ ರೋಗ ಅದು. ತಣ್ಣಗಿರುವಾಗ ಒಂದರಿಂದ ಎರಡಕ್ಕೆ ಹಾಕಿದಾಗ ಕಡಲೆ ಅಗಿದ ಸದ್ದು ಬರುತ್ತದೆ. ಗೆಳೆಯ ಬೆಳಗಿನ ಮೊದಲ ಮೈಲಿಯಲ್ಲಿ ಎರಡನೆಯ ಗೇರಿಗೆ ಎರಡೆರಡು ಸಲ ಕ್ಲಚ್ ಒತ್ತಿ ಹಾಕುತ್ತಾನೆ, ಅತ್ತೆಯ ಮನೆಯಲ್ಲಿ ಮಾತನಾಡುವಷ್ಟು ಎಚ್ಚರದಿಂದ.

ಎಂಜಿಬಿಯ ಇಂಜಿನ್ ಎಣ್ಣೆ ಹನಿಸುತ್ತದೆ. ಹನಿಸದಿದ್ದರೆ ಎಣ್ಣೆ ಇದೆಯೇ ಎಂದು ನೋಡಿ. ಮುಂದಿನ ಚಕ್ರದ ಕಿಂಗ್‌ಪಿನ್ನುಗಳಿಗೆ ಕಾಲಕಾಲಕ್ಕೆ ಗ್ರೀಸ್ ಹೊಡೆಯಬೇಕು. ಎಷ್ಟೋ ಮಾಲೀಕರಿಗೆ ಅಲ್ಲಿ ಗ್ರೀಸ್ ಮೊಲೆ ಇದೆಯೆಂಬುದೇ ಗೊತ್ತಿಲ್ಲ. ಕಡ್ಡಿ ಚಕ್ರಗಳಿದ್ದರೆ, ಸ್ವಲ್ಪ ಹಿಂದಕ್ಕೆ ಚಲಿಸಿ ಬ್ರೇಕ್ ಹಾಕಿ. ಟಕ್ ಎಂದರೆ ಚಕ್ರ ಕೂರುವ ಹಲ್ಲುಗಳು ಸವೆದಿವೆ.

ಯಾವ ವರ್ಷದ್ದು?

ಎಂಜಿಬಿಯಲ್ಲಿ ನನ್ನ ಆಯ್ಕೆ 1968ರಿಂದ 1974ರ ನಡುವಿನ ಕ್ರೋಮ್ ಬಂಪರಿನದು. ಇಂಜಿನ್ನಿನ ಮುಖ್ಯ ತಿರುಗುದಂಡವಾದ ಕ್ರ್ಯಾಂಕಿಗೆ ಮೂರರ ಬದಲು ಐದು ಬೇರಿಂಗ್ ಬಂದದ್ದು 1964ರ ಕೊನೆಯಲ್ಲಿ. 1967ರ ಕೊನೆಯಲ್ಲಿ ಎಲ್ಲ ಗೇರಿಗೂ ಸಿಂಕ್ರೊ, ಆಲ್ಟರ್ನೇಟರ್ ಬಂದವು. ಅದಕ್ಕೇ ಆಮೇಲಿನವನ್ನು ಆರಿಸುತ್ತೇನೆ, ಅಷ್ಟು ಸರಳ. 1974ರ ಕೊನೆಯಿಂದ ಅಮೆರಿಕದ ಕಾನೂನಿಗಾಗಿ ಕಪ್ಪು ರಬ್ಬರ್ ಬಂಪರ್ ಹಾಕಿ ಕಾರನ್ನೇ ಎತ್ತರಿಸಿದರು. ತಿರುವಿನಲ್ಲಿ ದೋಣಿಯ ಹಾಗೆ ವಾಲತೊಡಗಿತು. 1976ರಲ್ಲಿ ಆಂಟಿ ರೋಲ್ ಬಾರುಗಳಿಂದ ಅದನ್ನು ಬಹುಮಟ್ಟಿಗೆ ಸರಿಪಡಿಸಿದರು. ರಬ್ಬರ್ ಬಂಪರಿನದು ಅಗ್ಗ, ನೋಡಲು ಮುಖ ಊದಿಸಿಕೊಂಡಂತಿದೆ, ಆದರೆ ಮೈ ಗಟ್ಟಿಯಿದ್ದರೆ ಕೆಟ್ಟದ್ದೇನೂ ಅಲ್ಲ. ಮೇಲೆ ಗಟ್ಟಿ ಮಾಡು, ಹಿಂದೆ ಎತ್ತುವ ಬಾಗಿಲು ಇರುವ ಜಿಟಿ ಮಾದರಿ 1965ರಲ್ಲಿ ಬಂತು. ಅದರ ಮಾಡಿನ ಗೆರೆಯಲ್ಲಿ ಇಟಲಿಯ ಕಾರು ವಿನ್ಯಾಸದ ಮನೆಯಾದ ಪಿನಿನ್‌ಫರಿನಾದ ಕೈ ಇದೆ. ಅಂದರೆ ಗೆಳೆಯನ ಕಾರನ್ನು ರೂಪಿಸಿದ ಮನೆಯೇ ನನ್ನ ಕಾರಿನ ತಮ್ಮನಿಗೂ ಟೋಪಿ ಹೊಲಿದಿದೆ. ಜಿಟಿ ಯಾವಾಗಲೂ ತೆರೆದ ಕಾರಿಗಿಂತ ಅಗ್ಗ. ಮಳೆಯಲ್ಲಿ ಬುದ್ಧಿವಂತರ ಕಾರು.

ಸ್ಪೈಡರಿನ ಸಂಗತಿ ಉದ್ದ. 1966ರ ಮಾರ್ಚಿನಲ್ಲಿ ಜಿನೀವಾದಲ್ಲಿ ಬಂದ ಮೊದಲನೆಯದಕ್ಕೆ ಹೆಸರಿಡಲು ಆಲ್ಫಾ ಸ್ಪರ್ಧೆ ನಡೆಸಿ ಡುಯೆಟ್ಟೊ ಎಂಬುದನ್ನು ಆರಿಸಿತು. ಆ ಹೆಸರು ಆಗಲೇ ಒಂದು ತಿಂಡಿಯ ಮೇಲೆ ನೋಂದಣಿಯಾಗಿತ್ತು! ಅಧಿಕೃತವಾಗಿ ಬಳಸಲಾಗದಿದ್ದರೂ ಜನ ಬಿಡಲಿಲ್ಲ. ಅದನ್ನು ರೂಪಿಸಿದ ಮನೆಯ ಹಿರಿಯ ಬತಿಸ್ತಾ ಪಿನಿನ್‌ಫರಿನಾ ಮುಂದಿನ ತಿಂಗಳೇ ತೀರಿಕೊಂಡರು. ಹಿಂದೆ ಮುಂದೆ ಎರಡೂ ಕಡೆ ಸಣ್ಣಗಾಗುವ ಅದರ ದೇಹವನ್ನು ಇಟಲಿಯವರು ಒಂದು ಕಡಲಜೀವಿಯ, ನಮ್ಮ ಕರಾವಳಿಯ ಬೊಂಡಾಸದ ನೆಂಟನ, ಒಳಗಿನ ಬಿಳಿ ಎಲುಬಿಗೆ ಹೋಲಿಸುತ್ತಾರೆ. ಸುಂದರ, ಅಪರೂಪ, ಬೆಲೆ ಒಳ್ಳೆಯ ಎಂಜಿಬಿಯ ಎರಡು ಮೂರು ಪಟ್ಟು. 1970ರಿಂದ ಬಾಲ ಕತ್ತರಿಸಿದ ಎರಡನೆಯ ಸರಣಿ ಬಂತು, ಡಿಕ್ಕಿ ದೊಡ್ಡದಾಯಿತು. 1750 ಅಥವಾ ಮುಂದಿನ ವರ್ಷ ಬಂದ 2000 ಸಿಸಿಯ ಈ ಸರಣಿಯೇ ಓಡಿಸುವವರ ಆಯ್ಕೆ. 1983ರಿಂದ ರಬ್ಬರ್ ಸ್ಪಾಯ್ಲರ್ ಅಂಟಿಸಿಕೊಂಡ ಮೂರನೆಯ ಸರಣಿ ಬಂತು, ಅದರ ಬಗ್ಗೆ ಗೆಳೆಯನ ಎದುರು ಏನೂ ಹೇಳದಿರುವುದು ಒಳ್ಳೆಯದು. 1990ರ ನಾಲ್ಕನೆಯದು ಮತ್ತೆ ನುಣುಪಾಗಿ, ಪವರ್ ಸ್ಟಿಯರಿಂಗ್, ಎಲೆಕ್ಟ್ರಾನಿಕ್ ಇಂಜೆಕ್ಷನ್ನುಗಳೊಂದಿಗೆ ಬಂತು. ಹೆಂಡತಿಯೂ ಗಂಡನೂ ಇಬ್ಬರೂ ದಿನವೂ ಓಡಿಸುವ ಮನೆಗೆ ನಾಲ್ಕನೆಯದೇ ಸರಿ, ಬೆಲೆಯೂ ಎಟಕುತ್ತದೆ.

ಬ್ರಿಟನ್ನಿನಲ್ಲಿರುವವರಿಗೆ ಒಂದು ಎಚ್ಚರ: ಬಲಗಡೆ ಸ್ಟಿಯರಿಂಗ್ ಇರುವ ಸ್ಪೈಡರ್ ತಯಾರಿಕೆ 1970ರ ದಶಕದ ಕೊನೆಯ ಹೊತ್ತಿಗೆ ನಿಂತಿತು. ಆಮೇಲಿನವು ಎಡಗಡೆಯವು, ಇಲ್ಲವೇ ಆಮೇಲೆ ಬದಲಾಯಿಸಿದವು. ಅಮೆರಿಕದ ಕನ್ನಡಿಗರಿಗೆ ಬೇರೆ ತಲೆನೋವು. ಅಲ್ಲಿನ ಆಲ್ಫಾಗಳಲ್ಲಿ 1969ರಿಂದ 1981ರವರೆಗೆ ವೆಬರ್ ಬದಲು ಸ್ಪಿಕಾ ಎಂಬ ಯಾಂತ್ರಿಕ ಇಂಜೆಕ್ಷನ್ ಪಂಪ್ ಇದೆ. ಬಲ್ಲವರ ಕೈಯಲ್ಲಿ ಚಿನ್ನ, ಇಲ್ಲದವರ ಕೈಯಲ್ಲಿ ಶನಿ. 1975ರ ನಂತರದ ಅಲ್ಲಿನ ಎಂಜಿಬಿಗೆ ಒಂದೇ ಕಾರ್ಬುರೇಟರ್ ಉಳಿಸಿ ಉಸಿರು ಕಟ್ಟಿಸಿದರು. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಕಾರಿಗೆ ಹೊಗೆ ತಪಾಸಣೆ ಇಲ್ಲ, 1976ರದ್ದಕ್ಕೆ ಇದೆ. ಆ ಒಂದು ವರ್ಷದ ಮೇಲೆ ಬೆಲೆಯಲ್ಲಿ ಚೌಕಾಸಿ ಮಾಡಬಹುದು. ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ ಕಾರಿಗೆ ಅರ್ಜಿ ಹಾಕಿದರೆ ರಸ್ತೆ ತೆರಿಗೆ ಶೂನ್ಯ, ಮೂಲ ರೂಪ ಕೆಡಿಸಿರದಿದ್ದರೆ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಕಡ್ಡಾಯವಲ್ಲ ಎಂದರೂ ಮಾಡಿಸಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಯಾವ ಕಾರು ಕೊಂಡರೂ ಮೊದಲ ವಾರವೇ ಆ ಪೈಪುಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿ. ಎರಡಕ್ಕೂ ಬಿಸಿ ಇಂಜಿನ್ನಿನ ಪಕ್ಕದಲ್ಲೇ ಪೆಟ್ರೋಲ್ ಹರಿಯುತ್ತದೆ.

ಊರಿಗೆ ಒಯ್ಯಬೇಕೆನ್ನುವವರಿಗೆ

ಪ್ರತಿ ದೀಪಾವಳಿ ಕೂಟದಲ್ಲೂ ಒಬ್ಬರಾದರೂ ಇದನ್ನು ಕೇಳುತ್ತಾರೆ: ನಿವೃತ್ತಿಯಾದ ಮೇಲೆ ಮೈಸೂರಿಗೆ ತೆಗೆದುಕೊಂಡು ಹೋಗಬಹುದೇ? 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ನಂಬರ್ ಪ್ಲೇಟಿನಲ್ಲಿ ವಿಎ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್, ರಿಪೇರಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಮೂಲ ರೂಪ ಎಂಬ ಷರತ್ತು ಇರುವುದರಿಂದ ಆಧುನಿಕ ಇಂಜಿನ್ ಕೂರಿಸಿದ ಕಾರನ್ನು ಹಡಗು ಹತ್ತಿಸಬೇಡಿ. ಆಮದು ಸುಂಕ ಕಾರಿನ ಬೆಲೆಯನ್ನೇ ನುಂಗುವಂಥದ್ದು, ನಿಯಮ ಬದಲಾಗುತ್ತಲೂ ಇರುತ್ತದೆ, ಮೊದಲು ಕಸ್ಟಮ್ಸ್ ಏಜೆಂಟರೊಬ್ಬರ ಜತೆ ಕುಳಿತು ಲೆಕ್ಕ ಹಾಕಿ. ಇಷ್ಟೆಲ್ಲ ಆದ ಮೇಲೂ ಒಯ್ಯುವುದಾದರೆ ಎಂಜಿಬಿಯೇ ಆಗಲಿ. ಬಿ-ಸೀರೀಸ್ ಇಂಜಿನ್ನಿನ ತಲೆ ಬಿಚ್ಚಿ ಜೋಡಿಸಿದ ಕೈಗಳು ಇನ್ನೂ ನಮ್ಮ ಊರುಗಳ ಗ್ಯಾರೇಜುಗಳಲ್ಲಿವೆ. ವೆಬರ್ ಕಾರ್ಬುರೇಟರಿನ ಜೋಡಿಯನ್ನು ಶ್ರುತಿ ಹಿಡಿಸುವವರನ್ನು ನೀವು ಹುಡುಕಿಕೊಂಡು ಹೋಗಬೇಕು.

ಕಾರು ನೋಡಲು ಹೋಗುವ ದಿನ ಹಳೆಯ ಪ್ಯಾಂಟ್ ಹಾಕಿಕೊಳ್ಳಿ, ನೆಲದ ಮೇಲೆ ಮಲಗಬೇಕಾಗುತ್ತದೆ. ಟಾರ್ಚ್, ಬಟ್ಟೆ ಸುತ್ತಿದ ಅಯಸ್ಕಾಂತ, ಕಾರಿನ ಮೇಲೆ ಆಸೆಯಿಲ್ಲದ ಒಬ್ಬ ಗೆಳೆಯ ಜತೆಗಿರಲಿ. ಮಾಲೀಕರಿಗೆ ನಮಸ್ಕಾರ ಹೇಳುತ್ತಲೇ ಬಾನೆಟ್ಟಿನ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ದಾರೆ. ತಣ್ಣಗಿರುವಾಗ ಅದು ಹೇಗೆ ಕೆಮ್ಮುತ್ತದೆ, ಎರಡನೆಯ ಗೇರ್ ಹೇಗೆ ಅಗಿಯುತ್ತದೆ ಎಂಬುದು ನಿಮಗೆ ಗೊತ್ತಾಗಬಾರದೆಂದು ಇರಬಹುದು. ಏನೂ ಹೇಳಬೇಡಿ. ಇಲ್ಲಿನವರು ಹೇಗೂ ಒಂದು ಲೋಟ ಚಹಾ ಕೊಡುತ್ತಾರೆ. ಕುಡಿಯಿರಿ, ಇನ್ನೊಂದು ಲೋಟ ಕೇಳಿ, ಇಂಜಿನ್ ಪೂರ್ತಿ ಆರುವವರೆಗೆ ಹವಾಮಾನದ ಬಗ್ಗೆ ಮಾತನಾಡಿ.